ಹನ್ನೆರಡು ಟನ್ನಿನ ಹಿಡಿತ

ಗಂಗಾವತಿಯ ಅಕ್ಕಿ ಗಿರಣಿಯೊಂದರ ಪ್ಯಾನೆಲ್ ಕೋಣೆ. ಹೊರಗೆ ಭತ್ತದ ಲಾರಿಗಳು ಸಾಲುಗಟ್ಟಿವೆ, ಒಳಗೆ ಮೋಟಾರುಗಳು ಸದ್ದಿಲ್ಲದೆ ನಿಂತಿವೆ. ತೌಡಿನ ವಾಸನೆಯ ಜೊತೆ ಸುಟ್ಟ ಪಿವಿಸಿಯ ಘಾಟು. ಮೇನ್ ಸ್ವಿಚ್ಚಿಗೆ ಬೀಗ ಬಿದ್ದಿದೆ, ಬೀಗದ ಕೈ ಮೇಸ್ತ್ರಿಯ ಜೇಬಿನಲ್ಲಿದೆ. ಬೆಳಿಗ್ಗೆ ಒಂದು ಫೇಸ್ ಕೈಕೊಟ್ಟಿತ್ತು. ಕೇಬಲ್ ತುದಿಯಿಂದ ಬಿಚ್ಚಿ ತೆಗೆದ ಹಳೆಯ ಲಗ್ ನೆಲದ ಮೇಲಿದೆ: ಕರಕಲಾದ ಕೊಳವೆ, ಅದರ ಮೈಮೇಲೆ ಉಳಿ-ಸುತ್ತಿಗೆಯ ನಾಲ್ಕು ಏಟು. ಹಿಂದೆ ಯಾರೋ ಅವಸರಕ್ಕೆ ಬಡಿದು ಕೂರಿಸಿ ಹೋಗಿದ್ದರು.

ಮುಂಗೈಯಷ್ಟು ದಪ್ಪದ ಕೇಬಲ್ ಅದು. ಮೂರೂವರೆ ಕೋರ್, 300 ಚದರ ಮಿ.ಮೀ. ಅಲ್ಯೂಮಿನಿಯಂ. ಸುಟ್ಟ ಭಾಗವನ್ನು ಕತ್ತರಿಸಿ ಹೊದಿಕೆ ಸುಲಿದರೆ ಕೋರ್ ದುಂಡಗಿಲ್ಲ, ಕಲ್ಲಂಗಡಿ ಹೋಳಿನಂತಿದೆ. ಮೊದಲು ಅದನ್ನು ಒತ್ತಿ ದುಂಡಗೆ ಮಾಡಬೇಕು. ಆಮೇಲೆ ತಂತಿ ಬ್ರಷ್‌ನಿಂದ ಉಜ್ಜಬೇಕು. ಗಾಳಿ ಸೋಕಿದ ಕೂಡಲೇ ಅಲ್ಯೂಮಿನಿಯಂ ಮೇಲೆ ಆಕ್ಸೈಡಿನ ತೆಳುಪೊರೆ ಕಟ್ಟುತ್ತದೆ. ಕಣ್ಣಿಗೆ ಕಾಣದಿದ್ದರೂ ವಿದ್ಯುತ್ತಿಗೆ ಅದು ಅಡ್ಡಗೋಡೆಯೇ. ಎಳೆಗಳು ಬೆಳ್ಳಗೆ ಹೊಳೆದ ಮರುಗಳಿಗೆಯೇ ಮೇಸ್ತ್ರಿ ಬೂದುಬಣ್ಣದ ಪೇಸ್ಟ್ ಸವರಿ ಲಗ್ ತೊಡಿಸಿದರು.

"ಏ ತಮ್ಮಾ, ಡೈ ನಂಬರ್ ನೋಡಿದಿಯೇನು?"

"ನೋಡೀನ್ರಿ ಕಾಕಾ, ಮುನ್ನೂರರದೈತ್ರಿ."

ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್‌ನ ಬಾಯಿಗೆ ಡೈ, ಎಂದರೆ ಎರಡು ಅರೆ-ಷಟ್ಕೋನದ ಉಕ್ಕಿನ ಅಚ್ಚುಗಳು, ಕೂತವು. ಮೇಸ್ತ್ರಿಯ ಕೈಕೆಳಗಿನ ಹುಡುಗ ಹಿಡಿಕೆ ಒತ್ತತೊಡಗಿದ. ಮೊದಮೊದಲು ಸಲೀಸು, ಬರಬರುತ್ತಾ ಬಿಗಿ. ಕಿರಿದಾದ ಪಿಸ್ಟನ್ ಎಣ್ಣೆಯನ್ನು ತಳ್ಳುತ್ತದೆ, ಅದೇ ಒತ್ತಡ ಹಿರಿದಾದ ಪಿಸ್ಟನ್‌ನ ಇಡೀ ಮೈಮೇಲೆ ಬೀಳುತ್ತದೆ. 17ನೇ ಶತಮಾನದಲ್ಲಿ ಪಾಸ್ಕಲ್ ಕಂಡ ತತ್ವವಿದು. ಜೋಸೆಫ್ ಬ್ರಾಮಾ 1795ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಹೈಡ್ರಾಲಿಕ್ ಪ್ರೆಸ್ಸು ನಿಂತಿದ್ದೂ ಇದೇ ತತ್ವದ ಮೇಲೆ. ಒಳಗೆ ಸುಮಾರು 700 ಬಾರ್ ಒತ್ತಡ. ಕಾರಿನ ಚಕ್ರದಲ್ಲಿರುವುದು ಎರಡು-ಎರಡೂವರೆ ಬಾರ್ ಅಷ್ಟೆ. ಬಡಕಲು ತೋಳಿನ ಹುಡುಗ ಕೂತಲ್ಲೇ 12 ಟನ್ ಭಾರ ಹೇರುವುದನ್ನು ನೋಡುವಾಗ ನನಗೆ ಈಗಲೂ ಬೆರಗು.

'ಟಕ್' ಎಂದಿತು. ರಿಲೀಫ್ ವಾಲ್ವ್ ತೆರೆದು ಹಿಡಿಕೆ ಸಡಿಲಾಯಿತು. ಆ ಸದ್ದು ಬರುವವರೆಗೆ ಮೇಸ್ತ್ರಿ ಕೈ ತೆಗೆಯಗೊಡಲಿಲ್ಲ. ಕೆಲಸದ ಜೀವ ಇರುವುದು ಇಲ್ಲೇ. ನಡುವೆ ಬಿಟ್ಟರೂ ಹೊರಗೆ ಷಟ್ಕೋನ ಮೂಡಿರುತ್ತದೆ, ನೋಡಲು ಚೆಂದವೇ. ಒಳಗೆ ಎಳೆಗಳ ನಡುವೆ ಮಾತ್ರ ಸಂದು ಉಳಿದಿರುತ್ತದೆ. ಆ ಸಡಿಲಿನಿಂದ ಓಮ್‌ನ ಸಾವಿರದಲ್ಲೊಂದು ಪಾಲು ರೋಧ ಹೆಚ್ಚಿದರೂ ಸಾಕು, 300 ಆಂಪಿಯರ್ ಹರಿದಾಗ 90 ವ್ಯಾಟ್ ಶಾಖ ಅಲ್ಲೇ ಹುಟ್ಟುತ್ತದೆ. ಹಗಲಿರುಳು ಉರಿಯುವ ಹಳೆಯ ಬಲ್ಬೊಂದನ್ನು ಪ್ಯಾನೆಲ್ಲಿನೊಳಗೆ ಮುಚ್ಚಿಟ್ಟಂತೆ.

ಇನ್ನೆರಡು ಒತ್ತು ಬಿದ್ದವು. ಮೇಸ್ತ್ರಿ ಲಗ್ಗನ್ನು ತಿರುಚಿ, ಎಳೆದು ನೋಡಿದರು. ಜಗ್ಗಲಿಲ್ಲ.

ನಿಮ್ಮ ಗಿರಣಿಗೋ ಅಂಗಡಿಗೋ ದಪ್ಪ ಕೇಬಲ್ ಜೋಡಿಸಲು ಬಂದವರು ಸುತ್ತಿಗೆ ಎತ್ತಿಕೊಂಡರೆ ದಯವಿಟ್ಟು ತಡೆಯಿರಿ. ಕ್ರಿಂಪಿಂಗ್ ಟೂಲ್ ತರಲಿ, ಅರ್ಧ ದಿನ ಕಾದರೂ ಚಿಂತೆಯಿಲ್ಲ.