ಹುದ್ದೆ ತೊರೆದು ಮಾರ್ಗದರ್ಶನದತ್ತ: ಅನುಭವಕ್ಕೆ ಎರಡನೆಯ ಮಾರುಕಟ್ಟೆ

ಬೆಂಗಳೂರಿನ ಹಳೆಯ ಬಡಾವಣೆಗಳ ಹುಟ್ಟಿಗೂ ಆರೋಗ್ಯಕ್ಕೂ ನಿಕಟ ಸಂಬಂಧವಿದೆ. 1898ರಲ್ಲಿ ನಗರವನ್ನು ಕಾಡಿದ ಪ್ಲೇಗಿನ ತರುವಾಯ, ಗಾಳಿ ಬೆಳಕಿರುವ ವಿಶಾಲ ನಿವೇಶನಗಳಲ್ಲಿ ಜನ ನೆಮ್ಮದಿಯಿಂದ ಬಾಳಲೆಂಬ ಉದ್ದೇಶದಿಂದ ಬಸವನಗುಡಿ ಮತ್ತು ಮಲ್ಲೇಶ್ವರಗಳು ರೂಪುಗೊಂಡವು. ಇಂದು ಇದೇ ಬಡಾವಣೆಗಳ ಅನೇಕ ಮನೆಗಳಲ್ಲಿ ವಯೋವೃದ್ಧ ತಂದೆತಾಯಿಯರು ಉಳಿದಿದ್ದರೆ, ದುಡಿಯುವ ಮಕ್ಕಳು 20 ಕಿಲೋಮೀಟರಿಗೂ ಮಿಕ್ಕ ದೂರದ ವೈಟ್‌ಫೀಲ್ಡಿಗೋ ಹೊರವರ್ತುಲ ರಸ್ತೆಗೋ ನಿತ್ಯ ಹೋಗಿಬರುತ್ತಾರೆ. ರಕ್ತದೊತ್ತಡ, ಮಧುಮೇಹ, ಹೃದಯದ ತೊಂದರೆಗಳು ನಡುವಯಸ್ಸಿನಲ್ಲಿಯೇ ಕಾಣಿಸಿಕೊಂಡಾಗ, ಅಥವಾ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಾಗ, ದೊಡ್ಡ ಸಂಬಳದ ಹುದ್ದೆಯನ್ನು ಬಿಡುವ ಮಾತು ಬರುತ್ತದೆ. ಹಾಗೆ ಬಿಟ್ಟವರಲ್ಲಿ ಕೆಲವರು ಇಂದು ‘ಕೋಚಿಂಗ್’ ಎಂಬ ವೃತ್ತಿಯತ್ತ ಮುಖ ಮಾಡುತ್ತಿದ್ದಾರೆ. ಈ ಬೆಳವಣಿಗೆಯು ಹುದ್ದೆ ಬಿಡುವವರಿಗೆ ಎಷ್ಟು ಮುಖ್ಯವೋ, ಅವರ ಅನುಭವವನ್ನು ಬಳಸಿಕೊಳ್ಳಬಹುದಾದ ಸಣ್ಣ ಉದ್ದಿಮೆದಾರರಿಗೂ ಅಷ್ಟೇ ಮುಖ್ಯವಾದುದು.

ದೇಹ ನೀಡುವ ಎಚ್ಚರಿಕೆ

ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ಜಂಟಿಯಾಗಿ 2021ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ಕಣ್ತೆರೆಸುವಂತಿದೆ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು, ಹೃದಯಕ್ಕೆ ರಕ್ತ ಪೂರೈಕೆ ಕುಂಠಿತಗೊಳ್ಳುವ ಕಾಯಿಲೆಯಿಂದ ಸಾವಿಗೀಡಾಗುವ ಅಪಾಯ ಶೇ. 17ರಷ್ಟು ಹೆಚ್ಚು. ದುಡಿಮೆಯ ಒತ್ತಡದಿಂದ ಸಂಪೂರ್ಣ ಬಸವಳಿಯುವ ಸ್ಥಿತಿಯನ್ನು ಇದೇ ಸಂಸ್ಥೆಯು ತನ್ನ ರೋಗ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ, ರೋಗವೆಂದಲ್ಲದಿದ್ದರೂ, ವೃತ್ತಿಸಂಬಂಧಿ ಸಮಸ್ಯೆಯೆಂದು ಸೇರಿಸಿಕೊಂಡಿದೆ. ಅಂಗಡಿಯ ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೂ ಗಲ್ಲಾಪೆಟ್ಟಿಗೆಯ ಮುಂದೆಯೇ ಕೂರುವ ವರ್ತಕರಿಗೂ ಈ ಅಂಕಿಗಳು ಅನ್ವಯಿಸುತ್ತವೆಂಬುದನ್ನು ಮರೆಯುವಂತಿಲ್ಲ.

ವೃತ್ತಿಯ ಹಿನ್ನೆಲೆ

ಕೋಚಿಂಗ್ ಎಂಬ ಪದ ಕ್ರೀಡಾಂಗಣದಿಂದ ಬಂದುದು. ಅಮೆರಿಕದ ಟೆನಿಸ್ ತರಬೇತುದಾರ ತಿಮೊಥಿ ಗಾಲ್ವೇ 1974ರಲ್ಲಿ ಪ್ರಕಟಿಸಿದ ಪುಸ್ತಕವೊಂದು, ಆಟಗಾರನ ನಿಜವಾದ ಎದುರಾಳಿ ಅವನ ಮನಸ್ಸಿನೊಳಗೇ ಇದ್ದಾನೆಂಬ ವಿಚಾರವನ್ನು ಮುಂದಿಟ್ಟಿತು. ಮೋಟಾರು ಪಂದ್ಯಗಳ ಚಾಲಕರಾಗಿದ್ದ ಬ್ರಿಟನ್ನಿನ ಜಾನ್ ವಿಟ್ಮೋರ್ ಆ ವಿಚಾರವನ್ನು ಉದ್ಯಮ ಕ್ಷೇತ್ರಕ್ಕೆ ತಂದು 1992ರಲ್ಲಿ ಗ್ರಂಥ ರಚಿಸಿದರು. ಗುರಿ, ವಾಸ್ತವ ಸ್ಥಿತಿ, ಆಯ್ಕೆಗಳು, ಸಂಕಲ್ಪ ಎಂಬ ನಾಲ್ಕು ಹಂತಗಳ ಸಂಭಾಷಣಾ ಕ್ರಮ ಆ ಗ್ರಂಥದಿಂದ ಜನಪ್ರಿಯವಾಯಿತು. ಹಣಕಾಸು ಸಲಹೆಗಾರರಾಗಿದ್ದ ಥಾಮಸ್ ಲಿಯೊನಾರ್ಡ್ 1995ರಲ್ಲಿ ಅಂತರರಾಷ್ಟ್ರೀಯ ಕೋಚಿಂಗ್ ಒಕ್ಕೂಟವನ್ನು ಸ್ಥಾಪಿಸಿದರು.

ಸಲಹೆಗಾರನು ಸಮಸ್ಯೆಗೆ ಉತ್ತರ ಹೇಳುತ್ತಾನೆ. ಕೋಚ್ ಆದವನು ಪ್ರಶ್ನೆಗಳ ಮೂಲಕ ಎದುರಿಗಿರುವವರೇ ಉತ್ತರ ಕಂಡುಕೊಳ್ಳುವಂತೆ ಮಾಡುತ್ತಾನೆ. ಇಪ್ಪತ್ತು ವರ್ಷ ಆಜ್ಞೆ ನೀಡಿ ರೂಢಿಯಾದ ಅಧಿಕಾರಿಗೆ ಈ ಬದಲಾವಣೆ ಸುಲಭವಲ್ಲ. ಒಕ್ಕೂಟದ ಪ್ರಾಥಮಿಕ ಮಾನ್ಯತೆಗೆ 60 ಗಂಟೆಗಳ ಶಿಕ್ಷಣ ಮತ್ತು 100 ಗಂಟೆಗಳ ಅನುಭವ ಬೇಕು. ಮುಂದಿನ ಹಂತಕ್ಕೆ 125 ಗಂಟೆಗಳ ಶಿಕ್ಷಣ, 500 ಗಂಟೆಗಳ ಅನುಭವ. ಭಾರತದಲ್ಲಿ ಈ ವೃತ್ತಿಗೆ ಪರವಾನಗಿ ಕಡ್ಡಾಯವಿಲ್ಲ. ಆದುದರಿಂದಲೇ ಫಲಕ ಹಾಕಿಕೊಂಡವರೆಲ್ಲರೂ ನುರಿತವರೆಂದು ಭಾವಿಸಲಾಗದು.

ಗವಿಪುರದ ನಿದರ್ಶನ

ಒಂದು ವೃತ್ತಿಯ ಶಿಸ್ತನ್ನು ಮತ್ತೊಂದಕ್ಕೆ ಕೊಂಡೊಯ್ದವರ ನಿದರ್ಶನ ಬಸವನಗುಡಿಯ ಮಗ್ಗುಲಲ್ಲಿಯೇ ಇದೆ. ಡಾ. ಎಚ್.ಆರ್. ನಾಗೇಂದ್ರ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದು, ನಾಸಾದಲ್ಲಿ ಸಂಶೋಧನೆ ನಡೆಸಿದವರು. ಸ್ವದೇಶಕ್ಕೆ ಮರಳಿ 1975ರಲ್ಲಿ ಕನ್ಯಾಕುಮಾರಿಯ ವಿವೇಕಾನಂದ ಕೇಂದ್ರ ಸೇರಿದರು. ಅವರು ತೊರೆದುದು ಕಂಪನಿಯ ಹುದ್ದೆಯಲ್ಲ, ಕಾರಣ ಅನಾರೋಗ್ಯವೂ ಅಲ್ಲ. ಆದರೂ ಎಂಜಿನಿಯರ್ ಆಗಿ ಕಲಿತ ಅಳತೆ, ದಾಖಲೆ, ಪ್ರಯೋಗಗಳ ಶಿಸ್ತನ್ನು ಅವರು ಯೋಗ ಶಿಕ್ಷಣಕ್ಕೆ ಅಳವಡಿಸಿದರು. ವೈದ್ಯೆಯಾದ ಡಾ. ಆರ್. ನಾಗರತ್ನ ಅವರೂ ಈ ಕಾರ್ಯದಲ್ಲಿ ಜೊತೆಯಾದರು. ಗವಿಪುರದ ಏಕನಾಥ ಭವನದಲ್ಲಿ ಕಚೇರಿ ಹೊಂದಿರುವ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನವು 2002ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಮಾನ್ಯತೆ ಪಡೆಯಿತು. ಉದ್ಯಮಗಳ ಅಧಿಕಾರಿಗಳಿಗಾಗಿ ಒತ್ತಡ ನಿರ್ವಹಣೆಯ ವಿಶೇಷ ಕಾರ್ಯಕ್ರಮವನ್ನೂ ಅದು ರೂಪಿಸಿತು. ಹಳೆಯ ವಿದ್ಯೆಯನ್ನು ಬಿಸುಡದೆ ಹೊಸ ಕಾರ್ಯಕ್ಕೆ ಬಂಡವಾಳವಾಗಿಸಿಕೊಂಡುದೇ ಇಲ್ಲಿನ ಪಾಠ.

ಲೆಕ್ಕ ತಪ್ಪಿದರೆ ಆರೋಗ್ಯವೂ ಇಲ್ಲ, ಆದಾಯವೂ ಇಲ್ಲ

ಹುದ್ದೆ ಬಿಡುವ ಮುನ್ನ ಕಾಗದದ ಮೇಲೆ ಲೆಕ್ಕ ಹಾಕುವುದು ಅತ್ಯಗತ್ಯ. ಒಂದು ಸಂಸಾರಕ್ಕೆ ತಿಂಗಳಿಗೆ 80,000 ರೂಪಾಯಿ ಬೇಕು, ಗಂಟೆಗೆ ದೊರೆಯುವ ಶುಲ್ಕ 2,500 ರೂಪಾಯಿ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 32 ಗಂಟೆ, ಅಂದರೆ ವಾರಕ್ಕೆ ಸುಮಾರು 8 ಗಂಟೆಗಳ ಶುಲ್ಕಸಹಿತ ಕೆಲಸ ಬೇಕಾಗುತ್ತದೆ. ಪ್ರತಿಯೊಂದು ಗಂಟೆಯ ಹಿಂದೆ ಸಿದ್ಧತೆ, ಪ್ರಯಾಣ, ಗಿರಾಕಿಗಳ ಹುಡುಕಾಟಕ್ಕೆ ಇನ್ನೆರಡು ಗಂಟೆ ಹಿಡಿದರೆ ವಾರದ ದುಡಿಮೆ 24 ಗಂಟೆ. ಇದು ಆರೋಗ್ಯಕ್ಕೂ ಮನೆಯವರ ಆರೈಕೆಗೂ ಎಡೆ ನೀಡುತ್ತದೆ. ಆದರೆ ಹಳೆಯ ಸಂಬಳದ ಮಟ್ಟವನ್ನೇ ಮುಟ್ಟಬೇಕೆಂಬ ಹಟದಿಂದ ವಾರಕ್ಕೆ 20 ಗಂಟೆಗಳ ಶುಲ್ಕಸಹಿತ ಕೆಲಸ ಒಪ್ಪಿಕೊಂಡರೆ ಒಟ್ಟು ದುಡಿಮೆ 60 ಗಂಟೆಗೇರುತ್ತದೆ. ಯಾವ ಅಪಾಯದಿಂದ ಪಾರಾಗಲು ಹುದ್ದೆ ಬಿಟ್ಟರೋ ಅದೇ ಅಪಾಯ ಹೊಸ ಹೆಸರಿನಲ್ಲಿ ಮನೆಯೊಳಗೇ ಬಂದು ಕೂರುತ್ತದೆ.

ಇನ್ನೂ ಕೆಲವು ಅಂಶಗಳು ಗಮನಾರ್ಹ. ಖಾಯಂ ನೌಕರರಿಗೆ ಗ್ರಾಚ್ಯುಟಿ ದೊರೆಯಲು ಸಾಮಾನ್ಯವಾಗಿ 5 ವರ್ಷಗಳ ನಿರಂತರ ಸೇವೆ ಬೇಕು. ನೌಕರರ ಪಿಂಚಣಿ ಯೋಜನೆಯ ಮಾಸಿಕ ಪಿಂಚಣಿಗೆ 10 ವರ್ಷಗಳ ಸೇವೆ ಬೇಕು. ಕೆಲವೇ ತಿಂಗಳ ಅವಸರದಿಂದ ಇವು ಕೈತಪ್ಪಬಾರದು. ರಾಜೀನಾಮೆಯೊಂದಿಗೆ ಕಂಪನಿಯ ಸಮೂಹ ಆರೋಗ್ಯ ವಿಮೆಯೂ ಮುಗಿಯುತ್ತದೆ. ಮೊದಲೇ ಇರುವ ಕಾಯಿಲೆಗಳಿಗೆ ಹೊಸ ಪಾಲಿಸಿಯಲ್ಲಿ 36 ತಿಂಗಳವರೆಗೂ ಕಾಯಬೇಕಾಗಬಹುದು. ಆದ್ದರಿಂದ ಅನಾರೋಗ್ಯದ ಕಾರಣ ಹುದ್ದೆ ಬಿಡುವವರು ಸ್ವಂತ ಪಾಲಿಸಿಯನ್ನು ನೌಕರಿಯಲ್ಲಿರುವಾಗಲೇ ಮಾಡಿಸಿಕೊಳ್ಳುವುದು ಜಾಣತನ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಮೇಲಿನ ಉದಾಹರಣೆಯ ವಹಿವಾಟು 9.60 ಲಕ್ಷ ಮಾತ್ರವಾದುದರಿಂದ ಆ ಹೊರೆಯಿಲ್ಲ.

ಸಣ್ಣ ಉದ್ದಿಮೆಗೆ ಏನು ಲಾಭ?

ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳಂತಹ ಕಾರ್ಖಾನೆಗಳು ಬೆಂಗಳೂರಿಗೆ ನುರಿತ ಕೈಗಳನ್ನು ಒದಗಿಸಿದವು. ಅವುಗಳಿಂದ ಹೊರಬಂದ ಎಷ್ಟೋ ಮಂದಿ ಸಣ್ಣ ಕೈಗಾರಿಕೆಗಳಿಗೆ ಆಧಾರವಾದರು. ಇಂದು ದೊಡ್ಡ ಕಂಪನಿಗಳಿಂದ ಹೊರಬರುವವರ ಅನುಭವವೂ ಅಂತಹುದೇ ಸಂಪತ್ತು. ಪೂರ್ಣಾವಧಿ ವ್ಯವಸ್ಥಾಪಕರನ್ನು ನೇಮಿಸಿಕೊಳ್ಳುವ ಶಕ್ತಿಯಿಲ್ಲದ ಉದ್ದಿಮೆಯೂ ತಿಂಗಳಿಗೆ ನಾಲ್ಕು ಗಂಟೆಗಳ ಶುಲ್ಕ ಭರಿಸಬಲ್ಲದು. ಕೆಲಸಗಾರನಾಗಿದ್ದು ಮೇಲ್ವಿಚಾರಕನಾದವನಿಗೆ ಜನರನ್ನು ನಡೆಸುವ ಬಗೆ ತಿಳಿಯಬೇಕಾದಾಗ, ತಂದೆಯಿಂದ ಮಗನಿಗೆ ಅಥವಾ ಮಗಳಿಗೆ ವ್ಯವಹಾರ ದಾಟುವಾಗ ತಲೆದೋರುವ ಭಿನ್ನಾಭಿಪ್ರಾಯಗಳಲ್ಲಿ, ಹೊರಗಿನ ಅನುಭವಿಯೊಬ್ಬರ ಉಪಸ್ಥಿತಿ ಬಹಳ ಉಪಯುಕ್ತ.

ಒಪ್ಪಂದ ಮಾತ್ರ ಬರಹದಲ್ಲಿರಬೇಕು. ಉದ್ದೇಶ, ಅವಧಿ, ಶುಲ್ಕಗಳೊಂದಿಗೆ ಗೋಪ್ಯತೆಯ ನಿಯಮವೂ ಅದರಲ್ಲಿ ಸ್ಪಷ್ಟವಾಗಿರಲಿ. ನೌಕರನು ಆಡಿದ ಮಾತು ಮಾಲೀಕನ ಕಿವಿಗೆ ಬೀಳುವುದಾದರೆ ಯಾರೂ ಬಾಯಿ ಬಿಡರು. ಕೋಚ್ ತನ್ನ ಹಿಂದಿನ ಕಂಪನಿಯ ಗುಟ್ಟುಗಳನ್ನು ಮಾರುವವನಾಗಬಾರದು. ಅಂತಹವನು ನಾಳೆ ನಿಮ್ಮ ಗುಟ್ಟನ್ನೂ ಮಾರಿಯಾನು. ಉದ್ಯಮ್ ನೋಂದಣಿ ಪಡೆದ ಕಿರು ಅಥವಾ ಸಣ್ಣ ಸೇವಾದಾರರಿಗೆ, ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಪಾವತಿಸಬೇಕೆಂಬ 2006ರ ಕಾಯಿದೆಯ ನಿಯಮವನ್ನೂ ಸದಸ್ಯರು ನೆನಪಿನಲ್ಲಿಡಬೇಕು.

ಹುದ್ದೆ ಬಿಡುವುದು ಎಲ್ಲರಿಗೂ ಪರಿಹಾರವಲ್ಲ. ರಜೆ, ಕೆಲಸದ ವೇಳೆಯ ಬದಲಾವಣೆ, ಮನೆಗೆ ಹತ್ತಿರದ ಶಾಖೆಗೆ ವರ್ಗ, ಇವುಗಳಲ್ಲಿ ಒಂದರಿಂದಲೇ ಕಷ್ಟ ನೀಗುವುದಾದರೆ ಅದೇ ಲೇಸು. ತಮ್ಮಲ್ಲಿ ದುಡಿಯುವ ನಂಬಿಕಸ್ಥ ನೌಕರನು ತಾಯಿಯ ಶುಶ್ರೂಷೆಗೆಂದು ರಾಜೀನಾಮೆ ಹಿಡಿದು ನಿಂತಾಗ, ಅದಕ್ಕೆ ಸಹಿ ಹಾಕುವ ಮುನ್ನ ಈ ದಾರಿಗಳನ್ನು ತೆರೆದಿಡುವುದು ಮಾಲೀಕರ ಕೈಯಲ್ಲಿಯೇ ಇದೆ.