ಶರೀರದೊಳಗಿನ ನೀರಗಂಟಿ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಗದ್ದೆಗೆ ನೀರು ಬಿಡುವವನಿಗೆ ನೀರಗಂಟಿ ಅಂತಾರೆ. ಅವನು ಭತ್ತ ನೆಡುವುದಿಲ್ಲ, ಕಬ್ಬು ಕಡಿಯುವುದಿಲ್ಲ. ಆದರೆ ನಾಲೆಯ ನೀರು ಯಾವ ಗದ್ದೆಗೆ, ಯಾವಾಗ, ಎಷ್ಟು ಎನ್ನುವುದು ಅವನ ಕೈಯಲ್ಲಿ. ಹೊತ್ತು ತಪ್ಪಿ ತೂಬು ಎತ್ತಿದರೆ ಬೆಳೆಯೇ ಕೆಟ್ಟೀತು.

ನಮ್ಮ ಜೀವಕೋಶಗಳಲ್ಲೂ ಇಂಥ ನೀರಗಂಟಿಗಳಿದ್ದಾರೆ. ಡಿಎನ್‌ಎಯಲ್ಲಿರುವ ಬರಹದ ನಕಲು ಆರ್‌ಎನ್‌ಎ, ಅದರಂತೆ ಪ್ರೋಟೀನ್ ತಯಾರಾಗುತ್ತದೆ ಎಂದು ನಾವು ಪಿಯುಸಿಯಲ್ಲಿ ಓದಿದ್ದೆವು. ಆದರೆ ಪ್ರೋಟೀನಿನ ಬರಹ ಡಿಎನ್‌ಎಯ ನೂರರಲ್ಲಿ ಎರಡು ಪಾಲೂ ಇಲ್ಲ. ಉಳಿದದ್ದರಲ್ಲಿ ಬಹುಪಾಲು ಕಸ ಎಂದೇ ಹಲವರು ನಂಬಿದ್ದರು. ಅಲ್ಲಿಂದಲೂ ಆರ್‌ಎನ್‌ಎ ಹುಟ್ಟುತ್ತದೆ. ಅದು ಪ್ರೋಟೀನ್ ಆಗುವುದಿಲ್ಲ. ಅದರಲ್ಲಿ ಕೆಲವು, ಯಾವ ಜೀನ್ ಯಾವಾಗ ಕೆಲಸ ಮಾಡಬೇಕು, ಯಾವಾಗ ಸುಮ್ಮನಿರಬೇಕು ಎಂದು ನೋಡಿಕೊಳ್ಳುತ್ತವೆ. ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇಂಥ ಪುಟ್ಟ ಆರ್‌ಎನ್‌ಎ ಕಂಡ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕುನ್ ಅವರಿಗೆ 2024ರ ನೊಬೆಲ್ ಬಂತು.

ನಮ್ಮ ರಾಜ್ಯದಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, 2023ರಲ್ಲಿ ತೀರಿಕೊಂಡ ಪ್ರೊ. ಎಂ.ಆರ್.ಎಸ್. ರಾವ್ ಅವರ ತಂಡ ಗಂಡು ಇಲಿಯ ವೃಷಣದಲ್ಲಿ 'ಎಂಆರ್‌ಎಚ್‌ಎಲ್' ಎಂಬ ಉದ್ದದ ಆರ್‌ಎನ್‌ಎಯನ್ನು ಗುರುತಿಸಿ 2004ರಲ್ಲಿ ಪ್ರಕಟಿಸಿತು. ಅದು ಇರುವ ತನಕ ಒಂದು ಸಂಕೇತದ ದಾರಿ ಮುಚ್ಚಿರುತ್ತದೆ. ಅದು ಇಳಿದಾಗ ದಾರಿ ತೆರೆದು, ಕೋಶವು ವೀರ್ಯಾಣುವಾಗುವ ಮುಂದಿನ ಹಂತಕ್ಕೆ ಹೋಗುತ್ತದೆ. ಇದು ಇಲಿಯಲ್ಲಿ ಕಂಡದ್ದು, ಮನುಷ್ಯನಿಗೆ ಔಷಧಿಯಲ್ಲ. ಆದರೂ ಗಂಡಿನ ಒಳಗಿನ ಕೆಲಸ ಎಷ್ಟು ಸೂಕ್ಷ್ಮ ಎಂದು ಇದರಿಂದ ತಿಳಿಯುತ್ತದೆ.

ಇಷ್ಟು ಬರೆಯಲು ಕಾರಣವಿದೆ. ಮಗುವಾಗದ ಮನೆಯಲ್ಲಿ ಮಾತು ಕೇಳಬೇಕಾದವಳು ಸೊಸೆ. ಅವಳನ್ನೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತಾರೆ, ಅವಳಿಗೇ ಮಂತ್ರಿಸಿದ ನೀರು ಕೇಳಿ ನಮ್ಮ ಹತ್ತಿರ ಬರ್ತಾರೆ. "ಮಗನಿಗೆ ಟೆಸ್ಟ್ ಮಾಡಿಸಿದ್ರಾ?" ಎಂದರೆ "ಅವನಿಗೇನು ಉಸ್ತಾದ್, ಗಟ್ಟಿಮುಟ್ಟಾಗಿದ್ದಾನೆ" ಎನ್ನುತ್ತಾರೆ ಉಮ್ಮ. ಮೈ ನೋಡಿ ಒಳಗಿನ ನೀರಗಂಟಿಯ ವಿಷಯ ಹೇಳಲಾದೀತೇ? ಮಗುವಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ ಎನ್ನುತ್ತಾರೆ ವೈದ್ಯರು. ವೀರ್ಯ ಪರೀಕ್ಷೆಗೆ ಸೂಜಿಯೂ ಬೇಡ, ಶಸ್ತ್ರಚಿಕಿತ್ಸೆಯೂ ಬೇಡ.

ಒಂದು ವರ್ಷ ಕಾದೂ ಮಗುವಾಗದಿದ್ದರೆ ಇಬ್ಬರೂ ಒಟ್ಟಿಗೆ ಹೋಗಿ ತೋರಿಸಲಿ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಲಿ. ದುಆ ಅಂತೂ ಇದ್ದೇ ಇದೆ, ನಾವೂ ಮಾಡುತ್ತೇವೆ. ಬೆಳೆ ಬಾರದಿದ್ದರೆ ಮಂಡ್ಯದ ರೈತ ಗದ್ದೆಯನ್ನೊಂದೇ ಬೈದು ಕೂರುವುದಿಲ್ಲ, ಎದ್ದು ಹೋಗಿ ತೂಬನ್ನೂ ನೋಡುತ್ತಾನೆ.