ಮಾತು ಬಾರದ ಹುಡುಗ ಗೊಂಬೆಯಾದಾಗ

ವೇದಿಕೆ ಮೇಲೆ ಅಪ್ಪ, ಅಮ್ಮ, ಹುಡುಗನ ಆರೈಕೆಗೆ ಬರುವ ಯುವಕ. ಮೂವರೂ ನಟರೇ. ಆದ್ರೆ ಅವರ ಮಧ್ಯೆ ಇರೋ 11 ವರ್ಷದ ಲಾರೆನ್ಸ್ ಮಾತ್ರ ಗೊಂಬೆ!

2019ರ ಫೆಬ್ರವರಿಯಲ್ಲಿ ಲಂಡನ್ನಿನ ಸದರ್ಕ್ ಪ್ಲೇಹೌಸ್‌ನಲ್ಲಿ ಪ್ರದರ್ಶನಗೊಂಡ ‘ಆಲ್ ಇನ್ ಎ ರೋ’ ನಾಟಕ ಗದ್ದಲ ಎಬ್ಬಿಸಿದ್ದು ಇದಕ್ಕೇ. ಲಾರೆನ್ಸ್‌ಗೆ ಆಟಿಸಂ ಇದೆ, ಮಾತು ಬರಲ್ಲ. ಬೆಳಗಾದರೆ ಅವನು ಮನೆ ಬಿಟ್ಟು ವಸತಿ ಶಾಲೆಗೆ ಹೋಗಬೇಕು. ಹಿಂದಿನ ರಾತ್ರಿಯ ಕಥೆ ಇದು.

ನಾಟಕಕಾರ ಅಲೆಕ್ಸ್ ಓಟ್ಸ್ ಇಂಥ ಮಕ್ಕಳ ಆರೈಕೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಹುಡುಗ ಕಚ್ಚುವ, ಹೊಡೆಯುವ ದೃಶ್ಯಗಳನ್ನು ಬಾಲನಟನಿಂದ ಮಾಡಿಸೋದೂ ಸುಲಭವಲ್ಲ, ನಿಜ. ಆದರೂ ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ನಾಟಕವನ್ನು ಬೆಂಬಲಿಸಲಿಲ್ಲ. ಆಟಿಸಂ ಇರುವ ಅನೇಕರಿಗೆ ಅದು ನೋವು ತಂದಿತು.

ಗೊಂಬೆ ಬಳಸಿದ್ದೇ ತಪ್ಪು ಅಂತಲ್ಲ. ಅದೇ ಲಂಡನ್ನಿನಲ್ಲಿ ‘ವಾರ್ ಹಾರ್ಸ್’ ನಾಟಕದ ಗೊಂಬೆ ಕುದುರೆಗೆ ಜನ ಕಣ್ಣೀರಿಟ್ಟಿದ್ದಾರೆ. ಆದ್ರೆ ಎಲ್ಲರೂ ಮನುಷ್ಯರಾಗಿ, ಒಬ್ಬನೇ ಗೊಂಬೆಯಾದರೆ, ‘ಇವನು ನಮ್ಮಂಥವನಲ್ಲ’ ಅಂದಂತಾಗಲ್ವಾ?

ಮಾತು ಬರದಿದ್ದರೆ ಹೇಳೋಕೆ ಏನೂ ಇಲ್ಲ ಅಂತಲ್ಲ. ಕೈ ಹಿಡಿದು ಎಳೆಯೋದು, ಚಿತ್ರ ತೋರಿಸೋದು, ಟ್ಯಾಬ್‌ನಲ್ಲಿ ಟೈಪ್ ಮಾಡೋದು... ಇವೆಲ್ಲ ಮಾತೇ. ಕೇಳಿಸಿಕೊಳ್ಳುವ ತಾಳ್ಮೆ ನಮಗಿರಬೇಕು.